ಬಳ್ಳಾರಿ ಮೈದಾನಕ್ಕೆ ಬೇಸ್‌ಬಾಲ್ ರಾಡಾರ್: ಏನನ್ನು ಅಳೆಯಬೇಕು, ಯಾಕೆ ಅಳೆಯಬೇಕು?

ಬೇಸ್‌ಬಾಲ್ ನಮ್ಮ ಭಾಗದ ದೊಡ್ಡ ಆಟವೇನಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸಂಜೆ ಯಾವ ಬಯಲಿಗೆ ಹೋದರೂ ಟೆನ್ನಿಸ್ ಬಾಲ್ ಕ್ರಿಕೆಟ್ಟೇ ಕಾಣುತ್ತದೆ. ಆದರೂ ರಾಷ್ಟ್ರಮಟ್ಟದ ಶಾಲಾ ಕ್ರೀಡೆಗಳಲ್ಲಿ, ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಬೇಸ್‌ಬಾಲ್ ಇದೆ, ಸಾಫ್ಟ್‌ಬಾಲ್ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆ ಇವೆರಡೂ ವಾಪಸ್ ಬರುತ್ತಿವೆ. ಆ ತೀರ್ಮಾನ ಆಗಿದ್ದು 2023ರ ಅಕ್ಟೋಬರಿನಲ್ಲಿ, ನಮ್ಮ ಮುಂಬೈಯಲ್ಲೇ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲಿ.

ಒಲಿಂಪಿಕ್ಸ್ ಹೆಸರು ಬಂದರೆ ಅನುದಾನದ ಮಾತೂ ಬರುತ್ತದೆ. ಅನುದಾನದ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ‘ಯಾವ ಮಷೀನ್ ತಗೊಳ್ಳೋಣ?’ ಅಂತ. ಚೆಂಡಿನ ವೇಗ, ತಿರುಗು, ದಾರಿ ಎಲ್ಲವನ್ನೂ ಅಳೆಯುವ ಟ್ರ್ಯಾಕಿಂಗ್ ಸಾಧನಗಳು ಈಗ ಬೇಸ್‌ಬಾಲ್‌ನ ಅರ್ಧ ಪ್ರಾಣ. ಆದರೆ ಪಂದ್ಯಕ್ಕೆ ಬೇಕಾದ ಟ್ರ್ಯಾಕಿಂಗ್ ಬೇರೆ, ತರಬೇತಿಗೆ ಬೇಕಾದದ್ದು ಬೇರೆ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ಕೊಂಡರೆ ಎರಡೂ ಕೆಲಸಕ್ಕೆ ಬರದೆ ಬೀರು ಸೇರುತ್ತವೆ. ನನ್ನ ಪ್ರಕಾರ ನಮ್ಮ ಜಿಲ್ಲೆಗಳಿಗೆ ಮೊದಲು ಬೇಕಾದ ಅಂಕಿ ಇವುಗಳಲ್ಲೆಲ್ಲಾ ಅಗ್ಗದ್ದು. ಅದಕ್ಕೆ ಮಷೀನೇ ಬೇಡ.

ದೊಡ್ಡವರ ಮನೆಯ ಕಥೆ ಮೊದಲು ನೋಡೋಣ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಕ್ಯಾಮೆರಾ ಇಟ್ಟು ಚೆಂಡಿನ ದಾರಿ ಹಿಡಿಯುವ ಪಿಚ್ ಎಫ್‌ಎಕ್ಸ್ ಬಂದಿದ್ದು 2006ರಲ್ಲಿ. 2015ಕ್ಕೆ ಲೀಗಿನ 30 ಮೈದಾನಗಳಲ್ಲೂ ಸ್ಟ್ಯಾಟ್‌ಕಾಸ್ಟ್ ಅನ್ನುವ ಟ್ರ್ಯಾಕಿಂಗ್ ವ್ಯವಸ್ಥೆ ಕೂತಿತು. ಅದರ ರಾಡಾರ್ ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಕಂಪನಿಯದ್ದು, ಗಾಲ್ಫ್ ಚೆಂಡಿಗಾಗಿ ಹುಟ್ಟಿದ್ದು. 2020ರಿಂದ ಆ ಜಾಗಕ್ಕೆ ಹಾಕ್‌ಐ ಬಂತು, ಮೈದಾನಕ್ಕೆ 12 ಕ್ಯಾಮೆರಾದಂತೆ. ಹೌದು, ಎಲ್‌ಬಿಡಬ್ಲ್ಯೂ ಆದಾಗ ಟಿವಿಯಲ್ಲಿ ನಾವು ಉಸಿರು ಬಿಗಿಹಿಡಿದು ನೋಡುವ ಅದೇ ಹಾಕ್‌ಐ. 2001ರಲ್ಲಿ ಅದು ಮೊದಲು ಟಿವಿಗೆ ಬಂದಿದ್ದೇ ಕ್ರಿಕೆಟ್ಟಿನಲ್ಲಿ.

ಒಂದು ಲೆಕ್ಕದಲ್ಲಿ ಬೇಸ್‌ಬಾಲ್ ಅಳೆಯೋದು ಕ್ರಿಕೆಟ್ಟಿಗಿಂತ ಸುಲಭ. ಚೆಂಡು ನೆಲಕ್ಕೆ ಬಿದ್ದು ಪುಟಿಯುವುದಿಲ್ಲ. ಚೆಂಡು ಎಸೆಯುವ ಪಿಚರ್ ಕೈಯಿಂದ ಹೊರಟು ನೇರ, ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಗ್ಲೌಸಿಗೆ. ಪಿಚರ್ ನಿಲ್ಲುವ ರಬ್ಬರ್ ಪಟ್ಟಿಯಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ನಮ್ಮ ಕ್ರಿಕೆಟ್ ಪಿಚ್ 20.12 ಮೀಟರ್. ಚೆಂಡು ಎಲ್ಲಿಂದ ಹೊರಟಿತು, ಎಷ್ಟು ವೇಗದಲ್ಲಿ, ಗಾಳಿ ಮತ್ತು ಭೂಮಿ ಅದನ್ನು ಯಾವ ಕಡೆ ಎಳೆದವು, ಇಷ್ಟು ಸಿಕ್ಕರೆ ಪೂರ್ತಿ ದಾರಿಯನ್ನು ಗಣಿತದಿಂದಲೇ ಬಿಡಿಸಬಹುದು. ಪುಟಿತ, ಪಿಚ್ಚಿನ ಬಿರುಕು, ಸ್ಪಿನ್ನರ್ ಕಾಲಿನ ಗುರುತು ಅಂತೆಲ್ಲಾ ತಲೆಬಿಸಿ ಇಲ್ಲ.

ಅಂಕಿ ಎಲ್ಲಿ ದಾರಿ ತಪ್ಪುತ್ತದೆ

ಆದರೆ ಸಿಕ್ಕ ಅಂಕಿಯನ್ನು ನಂಬುವ ಮೊದಲು ಅದು ಎಲ್ಲಿಂದ ಬಂತು ಅಂತ ಕೇಳಬೇಕು. 2017ರಲ್ಲಿ ಮೇಜರ್ ಲೀಗ್ ಪಿಚರ್‌ಗಳೆಲ್ಲಾ ಒಮ್ಮೆಲೇ ವೇಗವಾಗಿ ಎಸೆಯಲು ಶುರು ಮಾಡಿದ ಹಾಗೆ ಕಂಡಿತು. ತೋಳಿಗೆ ಹೊಸ ಶಕ್ತಿ ಬಂದಿರಲಿಲ್ಲ. ಅಳೆಯುವ ಜಾಗ ಬದಲಾಗಿತ್ತು, ಅಷ್ಟೇ. ಹಳೆಯ ವ್ಯವಸ್ಥೆ ಪ್ಲೇಟಿನಿಂದ 50 ಅಡಿ ದೂರದಲ್ಲಿ ಚೆಂಡಿನ ವೇಗ ಹೇಳುತ್ತಿತ್ತು. ಹೊಸದು ಕೈ ಬಿಟ್ಟ ಕ್ಷಣದ ವೇಗ ಹೇಳುತ್ತದೆ. ಗಾಳಿಯ ತಡೆಯಿಂದ ಚೆಂಡು ಪ್ಲೇಟ್ ಮುಟ್ಟುವಷ್ಟರಲ್ಲಿ ಶೇ. 8ರಿಂದ 10ರಷ್ಟು ವೇಗ ಕಳೆದುಕೊಂಡಿರುತ್ತದೆ. ಅಲ್ಲಿನ ಪಂಡಿತರನ್ನೇ ಇದು ಗೊಂದಲಕ್ಕೆ ಹಾಕಿತ್ತು. ಇನ್ನು ಸೆಕೆಂಡ್ ಹ್ಯಾಂಡ್ ರಾಡಾರ್ ಗನ್ ಹಿಡಿದ ನಮ್ಮ ಪಿಟಿ ಮೇಷ್ಟ್ರ ಪಾಡೇನು?

ರಾಡಾರ್ ಗನ್ ಹೇಗೆ ಕೆಲಸ ಮಾಡುತ್ತೆ ಅಂದರೆ, ಅದು ಬಿಟ್ಟ ಅಲೆ ಚೆಂಡಿಗೆ ಬಡಿದು ವಾಪಸ್ ಬರುವಾಗ ಅದರ ಕಂಪನ ಸ್ವಲ್ಪ ಬದಲಾಗಿರುತ್ತದೆ. ಆ ಬದಲಾವಣೆಯಿಂದ ವೇಗ ಸಿಗುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಅಂತ ಹೆಸರು. ಆದರೆ ಗನ್ ತನ್ನ ಕಡೆಗೆ ಬರುವ ವೇಗವನ್ನಷ್ಟೇ ನೋಡುತ್ತದೆ. ಚೆಂಡಿನ ದಾರಿಗೆ ನೇರವಾಗಿ, ಕ್ಯಾಚರ್ ಹಿಂದೆ ನಿಂತರೆ ಸರಿ. ಪಕ್ಕಕ್ಕೆ ಸರಿದಷ್ಟೂ ಅಂಕಿ ಇಳಿಯುತ್ತದೆ. ಹುಡುಗ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಸೆದ ಅಂತಿಟ್ಟುಕೊಳ್ಳಿ. 10 ಡಿಗ್ರಿ ಓರೆಯಲ್ಲಿ ನಿಂತರೆ ಗನ್ 108 ಅನ್ನುತ್ತದೆ. 20 ಡಿಗ್ರಿಗೆ 103. ಡಗ್‌ಔಟ್ ನೆರಳಲ್ಲಿ ಕುರ್ಚಿ ಹಾಕಿಕೊಂಡು 30 ಡಿಗ್ರಿಯಿಂದ ಹಿಡಿದರೆ 95! ಒಂದೇ ಎಸೆತ, ಮೂರು ಅಂಕಿ. ಆಯ್ಕೆ ಟ್ರಯಲ್ಸ್ ದಿನ ಈ ಗನ್ ಯಾರ ಕೈಯಲ್ಲಿತ್ತು, ಅವರು ಎಲ್ಲಿ ನಿಂತಿದ್ದರು ಅನ್ನುವುದರ ಮೇಲೆ ಒಬ್ಬನ ಹೆಸರು ಪಟ್ಟಿಗೆ ಬರಬಹುದು, ಬಿಟ್ಟೂ ಹೋಗಬಹುದು. ಬಳ್ಳಾರಿ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಿರು ಲಾರಿ ಹತ್ತಿದ ವೇಬ್ರಿಡ್ಜ್ ಸರಿಯಿಲ್ಲ ಅಂದರೆ ಚೀಟಿಯಲ್ಲಿ ಬಂದ ತೂಕಕ್ಕೆ ಏನು ಬೆಲೆ ಅಂತ ನಮಗೆ ಚೆನ್ನಾಗಿ ಗೊತ್ತು.

ಹಾಗಂತ ರಾಡಾರ್ ಗನ್ನನ್ನು ತಳ್ಳಿಹಾಕುವುದು ಬೇಡ. 2008ರಲ್ಲಿ ಭಾರತದಲ್ಲಿ ನಡೆದ ಎಸೆತದ ಸ್ಪರ್ಧೆಯೊಂದರಲ್ಲಿ ರಿಂಕು ಸಿಂಗ್, ದಿನೇಶ್ ಪಟೇಲ್ ಅನ್ನುವ ಉತ್ತರಪ್ರದೇಶದ ಇಬ್ಬರು ಹುಡುಗರು ಕಣ್ಣಿಗೆ ಬಿದ್ದಿದ್ದು ಗನ್ ತೋರಿಸಿದ ಅಂಕಿಯಿಂದಲೇ. ಇಬ್ಬರೂ ಬೇಸ್‌ಬಾಲ್ ಆಡಿದವರೇ ಅಲ್ಲ. ಜಾವೆಲಿನ್ ಎಸೆಯುತ್ತಿದ್ದವರು. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರಿಗೂ ಒಪ್ಪಂದ ಕೊಟ್ಟಿತು. ಎಸೆಯುವ ತೋಳು ಯಾವ ಆಟದಲ್ಲಾದರೂ ಸಿಗಬಹುದು. ಹಾಗಾಗಿ ಹುಡುಕಾಟಕ್ಕೆ ಗನ್ ಒಳ್ಳೆಯದು. ತೋರಣಗಲ್ಲಿನ ಹತ್ತಿರ ಜೆಎಸ್‌ಡಬ್ಲ್ಯೂ ಕಟ್ಟಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2018ರಿಂದ ಇದೆ. ಕುಸ್ತಿ, ಬಾಕ್ಸಿಂಗ್, ಜುಡೊ, ಅಥ್ಲೆಟಿಕ್ಸ್ ಅಲ್ಲಿನ ಆಟಗಳು. ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದವರು. ಎಸೆತವನ್ನು ವಿಜ್ಞಾನದ ಕಣ್ಣಿನಿಂದ ನೋಡುವ ಅಭ್ಯಾಸ ಜಿಲ್ಲೆಯೊಳಗೇ ಇದೆ ಅಂದ ಹಾಗಾಯಿತು.

ಬಿಸಿಲು, ಎರೆ ಮಣ್ಣು, ಕರೆಂಟು

ಗನ್ ವೇಗ ಹೇಳುತ್ತದೆ, ದಾರಿ ಹೇಳುವುದಿಲ್ಲ. ಅದಕ್ಕೆ ಕ್ಯಾಮೆರಾ ಬೇಕು. ಗಂಟೆಗೆ 110 ಕಿಲೋಮೀಟರ್ ಅಂದರೆ ಸೆಕೆಂಡಿಗೆ 30 ಮೀಟರ್ ಮೇಲೆ. ಮದುವೆ ವಿಡಿಯೊ ತೆಗೆಯುವ, ಸೆಕೆಂಡಿಗೆ 30 ಫ್ರೇಮಿನ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಚೆಂಡು ಒಂದು ಮೀಟರ್ ಹಾರಿರುತ್ತದೆ. ಈಗಿನ ಫೋನುಗಳ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ಆ ಅಂತರ 13 ಸೆಂಟಿಮೀಟರಿಗೆ ಇಳಿಯುತ್ತದೆ. ತರಬೇತಿಗೆ ಅಷ್ಟು ಧಾರಾಳ ಸಾಕು. ಶಟರ್ ಮಾತ್ರ ಚುರುಕಾಗಿರಬೇಕು. ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೂ ಚೆಂಡು 12 ಸೆಂಟಿಮೀಟರ್ ಉದ್ದದ ಬಿಳಿ ಗೀರಾಗುತ್ತದೆ. ಚೆಂಡಿನ ಅಡ್ಡಳತೆಯೇ ಏಳೂವರೆ ಸೆಂಟಿಮೀಟರ್ ದಾಟಲ್ಲ. 2000ನೇ ಒಂದು ಭಾಗಕ್ಕೆ ಇಳಿಸಿದರೆ ಗೀರು ಒಂದೂವರೆ ಸೆಂಟಿಮೀಟರಿಗೆ ಬರುತ್ತದೆ. ಅದಕ್ಕೆ ತುಂಬಾ ಬೆಳಕು ಬೇಕು. ಬೆಳಕಿಗೆ ನಮ್ಮಲ್ಲಿ ಬರ ಇಲ್ಲ ಬಿಡಿ.

ಬರ ಇಲ್ಲದ್ದೇ ತೊಂದರೆ. ಐಫೋನ್ ತಯಾರಿಸುವ ಆಪಲ್ ಕಂಪನಿ ತನ್ನ ಫೋನನ್ನು 35 ಡಿಗ್ರಿಯೊಳಗಿನ ಜಾಗದಲ್ಲಿ ಬಳಸಿ ಅನ್ನುತ್ತದೆ. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ದಾಟುವುದು ಸಾಮಾನ್ಯ. ಬಿಸಿಲಲ್ಲಿ ಸ್ಟ್ಯಾಂಡಿಗೆ ಕಟ್ಟಿದ ಫೋನು, ಟ್ಯಾಬ್ ಅರ್ಧದಲ್ಲೇ ಆರಿಹೋಗುತ್ತವೆ. ಬೆಳಿಗ್ಗೆ ಆಡಿದರೆ ಆಯ್ತಲ್ವಾ ಅನ್ನಬಹುದು. ಅದಕ್ಕೂ ಒಂದು ತಕರಾರಿದೆ. ಬೇಸ್‌ಬಾಲ್ ನಿಯಮ ಪುಸ್ತಕದ ಸಲಹೆ ಪ್ರಕಾರ ಹೋಮ್ ಪ್ಲೇಟಿನಿಂದ ಪಿಚರ್ ಮೇಲೆ ಹಾದು ಎರಡನೇ ಬೇಸಿಗೆ ಹೋಗುವ ಗೆರೆ ಪೂರ್ವಕ್ಕೆ, ಸ್ವಲ್ಪ ಈಶಾನ್ಯದ ಕಡೆ ವಾಲಿರಬೇಕು. ಮಧ್ಯಾಹ್ನದ ಮೇಲಿನ ಸೂರ್ಯ ಬ್ಯಾಟರ್ ಕಣ್ಣಿಗೆ ಹೊಡೆಯಬಾರದು ಅಂತ. ನಮ್ಮಲ್ಲಿ ಬೆಳಿಗ್ಗೆ 6ಕ್ಕೆ ಅಭ್ಯಾಸ ಶುರು. ಆ ಗೆರೆ ಹಾಕಿದ ಮೈದಾನದಲ್ಲಿ ಏಳುವ ಸೂರ್ಯ ನೇರ ಬ್ಯಾಟರ್ ಮುಖಕ್ಕೆ, ಅವನ ಹಿಂದಿನ ಕ್ಯಾಮೆರಾ ಕಣ್ಣಿಗೆ. ಬೆಳಗಿನ ಅಭ್ಯಾಸವೇ ಜಾಸ್ತಿ ಅನ್ನುವ ತಂಡ ಗೆರೆಯನ್ನು ತಿರುಗಿಸಿ ಎಳೆದುಕೊಳ್ಳಲಿ. ಅದು ಸಲಹೆ, ಕಟ್ಟಳೆ ಅಲ್ಲ. ಒಂದು ಮೂಟೆ ಸುಣ್ಣದ ಪುಡಿಯಲ್ಲಿ ಮುಗಿಯುವ ಈ ಕೆಲಸ ಯಾವ ಸಾಫ್ಟ್‌ವೇರಿಗಿಂತಲೂ ದೊಡ್ಡ ರಿಪೇರಿ.

ರಾತ್ರಿ ದೀಪದಲ್ಲಿ ಇನ್ನೊಂದು ಕಾಟ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಅಗ್ಗದ ಫ್ಲಡ್ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, 240 ಫ್ರೇಮಿನ ವಿಡಿಯೊದಲ್ಲಿ ಎದ್ದು ಕಾಣುತ್ತದೆ. ಒಂದು ಚಿತ್ರದಲ್ಲಿ ಚೆಂಡು ಬೆಳ್ಳಗೆ, ಮುಂದಿನದರಲ್ಲಿ ಮಾಯ. ಕ್ಯಾಮೆರಾದಲ್ಲಿ 100 ಫ್ರೇಮಿನ ಆಯ್ಕೆ ಇದ್ದರೆ ಅದನ್ನು ಹಾಕಿಕೊಂಡರೆ ಈ ಕಾಟ ತಗ್ಗುತ್ತದೆ.

ಮಣ್ಣಿನ ವಿಷಯವನ್ನು ಯಾವ ಕಂಪನಿಯ ಕೈಪಿಡಿಯಲ್ಲೂ ಹುಡುಕಬೇಡಿ. ಕ್ಯಾಮೆರಾ ಅಳತೆ ಕೊಡಬೇಕಾದರೆ ಮೊದಲು ಅದಕ್ಕೆ ಮೈದಾನವನ್ನು ಪರಿಚಯ ಮಾಡಿಸಬೇಕು. ಪ್ಲೇಟಿನ ಮೂಲೆಗಳು, ಬೇಸುಗಳು, ಅಳತೆ ಬರೆದ ಒಂದು ಕೋಲು, ಇವೆಲ್ಲಾ ಚಿತ್ರದಲ್ಲಿ ಎಲ್ಲೆಲ್ಲಿವೆ ಅಂತ ಗುರುತಿಸಿ ಲೆಕ್ಕ ಕೂರಿಸಬೇಕು. ಆಮೇಲೆ ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಅಲ್ಲಿ ನೆಟ್ಟ ಕಂಬ ಜೂನಿಗೆ ಇದ್ದ ಹಾಗೆ ಜನವರಿಗೆ ಇರಲ್ಲ. ಸಂಡೂರು ಕಡೆಯ ಕೆಂಪು ನೆಲದಲ್ಲಿ ಈ ಗೋಳು ಕಡಿಮೆ, ಬದಲಿಗೆ ಲೆನ್ಸಿನ ಮೇಲೆ ಕೆಂಧೂಳು. ಪಿಚರ್ ನಿಲ್ಲುವ ದಿಬ್ಬದ್ದೂ ಇದೇ ಕಥೆ. 10 ಇಂಚು ಎತ್ತರ, ಮುಂದಕ್ಕೆ ಅಡಿಗೆ ಒಂದು ಇಂಚಿನಂತೆ ಇಳಿಜಾರು ಇರಬೇಕು. ಎರೆ ಮಣ್ಣಿನಲ್ಲಿ ಕಟ್ಟಿದರೆ ಒಂದೇ ಮಳೆಗಾಲಕ್ಕೆ ಅದರ ರೂಪ ಕೆಡುತ್ತದೆ. ಬಡಗಿ ಹತ್ತಿರ ಪ್ಲೈವುಡ್ಡಿನಲ್ಲಿ ಎತ್ತಿ ಇಡುವ ದಿಬ್ಬ ಮಾಡಿಸುವುದು ಜಾಣತನ. ದಿಬ್ಬದ ಇಳಿಜಾರು ದಿನಕ್ಕೊಂದು ತರ ಇದ್ದರೆ ಹುಡುಗನ ಎಸೆತವೂ ದಿನಕ್ಕೊಂದು ತರ ಇರುತ್ತದೆ. ಆಗ ಅಳೆದಿದ್ದು ಹುಡುಗನನ್ನೋ ದಿಬ್ಬವನ್ನೋ ಗೊತ್ತಾಗಲ್ಲ.

ಇನ್ನು ಗಾಳಿ. ಬಳ್ಳಾರಿ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೆ ಸ್ವಲ್ಪ ಕಡಿಮೆ ಎತ್ತರದಲ್ಲಿದೆ. 40 ಡಿಗ್ರಿ ಬಿಸಿಲನ್ನೂ ಸೇರಿಸಿ ಲೆಕ್ಕ ಹಾಕಿದರೆ, ಸಮುದ್ರ ತೀರದ 20 ಡಿಗ್ರಿ ಗಾಳಿಗಿಂತ ಇಲ್ಲಿನ ಗಾಳಿ ಶೇ. 10ಕ್ಕೂ ಜಾಸ್ತಿ ತೆಳು. ಚೆಂಡು ಬಾಗುವುದು ಗಾಳಿಯನ್ನು ತಳ್ಳಿಕೊಂಡೇ. ಗಾಳಿ ತೆಳುವಾದರೆ ಬಾಗು ಕಡಿಮೆ, ಹೊಡೆದ ಚೆಂಡಿಗೆ ಓಟ ಜಾಸ್ತಿ. ಅಮೆರಿಕದ ಡೆನ್ವರ್ 1600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಈ ಕಾಟ ಎಷ್ಟಿತ್ತೆಂದರೆ 2002ರಿಂದ ಚೆಂಡುಗಳನ್ನು ತೇವಾಂಶ ಕಾಯುವ ಕೋಣೆಯಲ್ಲಿ ಇಡುತ್ತಾರೆ. ಮೇ ತಿಂಗಳಲ್ಲಿ ನಮ್ಮ ಹುಡುಗಿಯ ಕರ್ವ್ ಬಾಲ್ ಇಂಟರ್‌ನೆಟ್ಟಿನ ಅಂಕಿಯಷ್ಟು ಬಾಗಲಿಲ್ಲ ಅಂತ ಬೈಯುವ ಮೊದಲು ಥರ್ಮಾಮೀಟರ್ ನೋಡಿ.

ಪಂದ್ಯಕ್ಕೆ ಬೇಕಾ?

ಸದ್ಯಕ್ಕೆ ಬೇಡ. ಪಂದ್ಯದಲ್ಲಿ ಟ್ರ್ಯಾಕಿಂಗ್‌ನ ಮುಖ್ಯ ಕೆಲಸ ಸ್ಟ್ರೈಕ್, ಬಾಲ್ ತೀರ್ಪು. ಅಂದರೆ ಎಸೆತ ಬ್ಯಾಟರ್ ಮುಂದಿನ ಕಾಲ್ಪನಿಕ ಚೌಕದೊಳಗೆ ಹಾದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಕೊರಿಯಾದ ಲೀಗ್ 2024ರಿಂದ ಅದನ್ನು ಪೂರ್ತಿ ಯಂತ್ರಕ್ಕೇ ಒಪ್ಪಿಸಿದೆ. ಮೇಜರ್ ಲೀಗ್ 2026ರ ಋತುವಿಗೆ ನಡುದಾರಿ ಹಿಡಿಯಿತು. ಅಂಪೈರೇ ತೀರ್ಪು ಕೊಡುತ್ತಾರೆ, ತಂಡಕ್ಕೆ ಎರಡು ಸಲ ಪ್ರಶ್ನಿಸುವ ಅವಕಾಶ, ಪ್ರಶ್ನೆ ಸರಿಯಾದರೆ ಅವಕಾಶ ಉಳಿಯುತ್ತದೆ. ನಮ್ಮ ಡಿಆರ್‌ಎಸ್ ನೆನಪಾಯಿತಲ್ವಾ? ಅಲ್ಲಿ ಸ್ಟ್ರೈಕ್ ಚೌಕದ ಮೇಲಿನ ಗೆರೆ ಬ್ಯಾಟರ್ ಎತ್ತರದ ಶೇ. 53.5ರಲ್ಲಿ, ಕೆಳಗಿನದು ಶೇ. 27ರಲ್ಲಿ, ಅಗಲ ಪ್ಲೇಟಿನಷ್ಟು, 17 ಇಂಚು. ಅಂದರೆ ಯಂತ್ರ ಇಡುವ ಮೊದಲು ಪ್ರತಿ ಆಟಗಾರನನ್ನೂ ಶೂ ಬಿಚ್ಚಿಸಿ ಅಳೆಯಬೇಕು.

ಒಂದೆರಡು ಸೆಂಟಿಮೀಟರ್ ತಪ್ಪಿದರೂ ಜಗಳ ಆಗುವ ಕೆಲಸ ಇದು. ಗಟ್ಟಿಯಾಗಿ ಕೂತ ಕ್ಯಾಮೆರಾಗಳು ಬೇಕು. ನಮ್ಮ ಜಿಲ್ಲಾ ಕ್ರೀಡಾಂಗಣಗಳಲ್ಲಿ ಆಗಸ್ಟ್ 15ಕ್ಕೆ ಪೆರೇಡ್, ನವೆಂಬರ್ 1ಕ್ಕೆ ರಾಜ್ಯೋತ್ಸವ, ನಡುವೆ ಪಿಯುಸಿ ಹುಡುಗರ ಕ್ರೀಡಾಕೂಟ. ಪ್ರತಿ ಸಲ ಪೆಂಡಾಲ್ ಗೂಟ ಬಿದ್ದಾಗಲೂ ಕ್ಯಾಮೆರಾ ಲೆಕ್ಕ ಮತ್ತೆ ಕೂರಿಸೋರು ಯಾರು? ಪಂದ್ಯಕ್ಕೆ ಒಬ್ಬ ಒಳ್ಳೆಯ ಸ್ಕೋರರ್, ಬ್ಯಾಕ್‌ಸ್ಟಾಪ್ ಅನ್ನುವ, ಪ್ಲೇಟಿನ ಹಿಂದಿನ ಜಾಲರಿಯ ಹಿಂದೆ ಎತ್ತರದಲ್ಲಿ ಕಟ್ಟಿದ ಒಂದು ಫೋನು ಸಾಕು. ಆ ವಿಡಿಯೊ ಅಂಪೈರ್ ಜೊತೆ ವಾದ ಮಾಡೋಕಲ್ಲ. ಮುಂದಿನ ವಾರ ಅದೇ ಅಂಪೈರ್‌ಗೆ ಕಲಿಯೋಕೆ.

ರ‍್ಯಾಪ್ಸೋಡೊ ತರದ, ಎಸೆತದ ವೇಗ, ತಿರುಗು ಅಳೆಯುವ ಸಣ್ಣ ಪೆಟ್ಟಿಗೆಗಳನ್ನು ಪಂದ್ಯಕ್ಕೆ ಅಂತ ಕೊಳ್ಳಬೇಡಿ. ಅವುಗಳ ಹೆಸರಾಂತ ಮಾದರಿಯನ್ನು ಇಡುವುದೇ ಪಿಚರ್ ಮತ್ತು ಬ್ಯಾಟರ್ ನಡುವೆ, ನೆಲದ ಮೇಲೆ. ಪಂದ್ಯದಲ್ಲಿ ಅಲ್ಲಿ ಏನೂ ಇಡುವ ಹಾಗಿಲ್ಲ.

ತರಬೇತಿಯಲ್ಲಿ ಮೊದಲ ಅಂಕಿ

ಅದೇ ಪೆಟ್ಟಿಗೆ ತರಬೇತಿಯಲ್ಲಿ ಚೆನ್ನಾಗಿ ದುಡಿಯುತ್ತದೆ. ವೇಗ, ತಿರುಗಿನ ಪ್ರಮಾಣ, ತಿರುಗಿನ ಅಕ್ಷ, ಬಾಗು ಎಲ್ಲಾ ಕ್ಷಣದಲ್ಲಿ ಟ್ಯಾಬಿಗೆ ಬರುತ್ತದೆ. ಮೇಜರ್ ಲೀಗ್‌ನ ಫಾಸ್ಟ್ ಬಾಲ್ ನಿಮಿಷಕ್ಕೆ ಸರಾಸರಿ 2300 ಸುತ್ತಿನ ಆಸುಪಾಸು ತಿರುಗುತ್ತದೆ, ಗಂಟೆಗೆ 150 ಕಿಲೋಮೀಟರ್ ವೇಗ. ಈ ಅಂಕಿಗಳನ್ನು 14 ವರ್ಷದ ಹುಡುಗನ ಮುಂದೆ ಇಟ್ಟರೆ ಏನಾಗುತ್ತೆ? ಪರದೆಯ ಮೇಲೆ 98 ಬಂತು, ಗೆಳೆಯನದು 101. ಇನ್ನೊಂದು ಸಲ, ಇನ್ನೊಂದು ಸಲ. ಎಲ್ಲಾ ಎಸೆತವೂ ಪೂರ್ತಿ ಬಲದ್ದು.

ಅದರ ಬೆಲೆ ಮೊಣಕೈ ಕೊಡುತ್ತದೆ. ಒಳಬದಿಯ ಲಿಗಮೆಂಟ್ ಹರಿದ ಪಿಚರ್‌ಗೆ ಡಾಕ್ಟರ್ ಫ್ರಾಂಕ್ ಜೋಬ್ ಮೊದಲ ಸಲ ಹೊಸದನ್ನು ಕಸಿ ಮಾಡಿದ್ದು 1974ರಲ್ಲಿ. ಆ ಆಟಗಾರ ಟಾಮಿ ಜಾನ್. ಇವತ್ತಿಗೂ ಆಪರೇಷನ್‌ಗೆ ಅವನದೇ ಹೆಸರು. ಈಗ ಅಲ್ಲಿ ಹೈಸ್ಕೂಲ್ ಹುಡುಗರೂ ಆ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಮೇಜರ್ ಲೀಗ್ 2024ರ ಡಿಸೆಂಬರಿನಲ್ಲಿ ಹೊರತಂದ ವರದಿಯೇ ವೇಗದ ಬೆನ್ನು ಹತ್ತಿದ್ದು, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕಿದ್ದು ಗಾಯ ಹೆಚ್ಚಲು ಕಾರಣ ಅಂತ ಬೆರಳು ತೋರಿಸಿತು. ಅಳೆಯುವ ಯಂತ್ರ ಕಾಯಿಲೆ ಹೇಳುವುದಷ್ಟೇ ಅಲ್ಲ, ತಾನೂ ಒಂದಿಷ್ಟು ಕಾಯಿಲೆ ತರುತ್ತದೆ.

ಮಕ್ಕಳ ವಿಷಯದಲ್ಲಿ ಗಟ್ಟಿಯಾಗಿ ಗೊತ್ತಿರುವ ಸಂಗತಿ ಒಂದಿದೆ. ಅಮೆರಿಕದಲ್ಲಿ 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 100 ಇನಿಂಗ್ಸ್‌ಗಿಂತ (ಬೇಸ್‌ಬಾಲ್‌ನಲ್ಲಿ ಎದುರಾಳಿಯ ಮೂವರು ಔಟಾದರೆ ಪಿಚರ್‌ಗೆ ಒಂದು ಇನಿಂಗ್ಸ್ ಮುಗಿದಂತೆ) ಹೆಚ್ಚು ಎಸೆದವರಿಗೆ ದೊಡ್ಡ ಗಾಯದ ಸಂಭವ ಮೂರೂವರೆ ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡಿತು. ಅಂದರೆ ಎಷ್ಟು ಜೋರಾಗಿ ಅನ್ನುವುದರ ಜೊತೆಗೆ ಎಷ್ಟು ಸಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿನ ಪಿಚ್ ಸ್ಮಾರ್ಟ್ ಮಾರ್ಗಸೂಚಿ 13-14 ವರ್ಷದವರಿಗೆ ದಿನಕ್ಕೆ 95 ಎಸೆತದ ಮಿತಿ ಹಾಕಿದೆ. 11-12ರವರಿಗೆ 85. 14ರೊಳಗಿನವರು ಒಂದು ದಿನ 66 ಅಥವಾ ಜಾಸ್ತಿ ಎಸೆದರೆ ನಾಲ್ಕು ದಿನ ಪಿಚಿಂಗ್‌ಗೆ ರಜೆ. 21ರಿಂದ 35ರವರೆಗೆ ಆದರೆ ಒಂದು ದಿನ.

ಈ ಲೆಕ್ಕಕ್ಕೆ ಬೇಕಾದ ಸಾಧನ ಒಂದು ನೋಟ್‌ಬುಕ್, ಒಂದು ಪೆನ್ನು. ಇದೇ ನಾನು ಮೊದಲು ಹೇಳಿದ ಅಗ್ಗದ ಅಂಕಿ. ಕ್ಯಾಚರ್ ಪಕ್ಕ ಕೂತ ಹುಡುಗ ಪ್ರತಿ ಎಸೆತಕ್ಕೆ ಒಂದು ಗೆರೆ ಹಾಕುತ್ತಾ ಹೋದರೆ ಮುಗಿಯಿತು. ಆದರೆ ನಮ್ಮಲ್ಲಿ ಒಂದು ವಿಶೇಷ ತೊಡಕಿದೆ. ಬೆಳಿಗ್ಗೆ ಬೇಸ್‌ಬಾಲ್ ಎಸೆದ ಹುಡುಗ ಸಂಜೆ ಕ್ರಿಕೆಟ್ ಬೌಲಿಂಗ್ ಮಾಡುತ್ತಾನೆ, ಭಾನುವಾರ ಟೂರ್ನಮೆಂಟಿನಲ್ಲಿ ಬೌಂಡರಿಯಿಂದ ಥ್ರೋ ಹೊಡೆಯುತ್ತಾನೆ. ಮನೆಯಲ್ಲಿ ಹತ್ತಿ ಬಿಡಿಸುವ ಕಾಲದಲ್ಲಿ ಅದೂ ಭುಜದ ಕೆಲಸವೇ. ಯಾವ ವಿದೇಶಿ ಆ್ಯಪ್‌ನಲ್ಲೂ ಇದಕ್ಕೆ ಕಾಲಂ ಇಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ ಎಳೆದುಕೊಳ್ಳಬಹುದು. ‘ಏನಪ್ಪಾ, ನಿನ್ನೆ ಎಷ್ಟು ಓವರ್ ಹಾಕಿದೆ?’ ಅಂತ ಕೇಳಿ ಬರೆದುಕೊಳ್ಳುವ ಮೇಷ್ಟ್ರಿಗೆ 12 ಕ್ಯಾಮೆರಾಗೆ ಗೊತ್ತಿಲ್ಲದ್ದು ಗೊತ್ತಾಗುತ್ತದೆ.

ಎರಡನೆಯದಾಗಿ ಫೋನಿನ ಸ್ಲೋ ಮೋಷನ್. ಒಂದು ಪಕ್ಕದಿಂದ, ಒಂದು ಹಿಂದಿನಿಂದ. ಕಿನೋವಿಯಾ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ವಿಂಡೋಸ್ ಕಂಪ್ಯೂಟರಿನಲ್ಲಿ ಓಡುತ್ತದೆ. ಅದರಲ್ಲಿ ಮೊಣಕೈ, ಮೊಣಕಾಲಿನ ಕೋನ ಅಳೆಯಬಹುದು, ಎರಡು ವಿಡಿಯೊ ಪಕ್ಕ ಪಕ್ಕ ಇಟ್ಟು ನೋಡಬಹುದು. ತಿಂಗಳ ಹಿಂದಿನ ಎಸೆತ ಮತ್ತು ಇವತ್ತಿನದು. ಸುಸ್ತಾದಾಗ ಮೊದಲು ಕೈ ಕೆಳಗಿಳಿಯುತ್ತಾ, ಮುಂದಿನ ಕಾಲು ಕುಸಿಯುತ್ತಾ ಅನ್ನುವುದು ಕಾಣುತ್ತದೆ. ಆಮೇಲೆ ರಾಡಾರ್ ಗನ್ ಬರಲಿ. ಕೈಗನ್ನಿಗೆ ಕೆಲವು ನೂರು ಡಾಲರ್ ಸಾಕು. ಯಾವಾಗಲೂ ಒಂದೇ ಜಾಗದಲ್ಲಿ, ಪ್ಲೇಟಿನ ಹಿಂದಿನ ಜಾಲರಿಗೆ ಕಟ್ಟಿ. ಪರದೆ ಮೇಷ್ಟ್ರ ಕಡೆಗಿರಲಿ, ಹುಡುಗರ ಕಡೆಗಲ್ಲ. ತಿರುಗು ಅಳೆಯುವ ಪೆಟ್ಟಿಗೆ ಇವೆಲ್ಲಾ ರೂಢಿಯಾದ ಮೇಲೆ. ಅದಕ್ಕೆ ಸಾವಿರಗಟ್ಟಲೆ ಡಾಲರ್, ಮೇಲೆ ಕಸ್ಟಮ್ಸ್. ಮೈದಾನಕ್ಕೆ ಕಾಯಂ ಕೂರಿಸುವ ವ್ಯವಸ್ಥೆಯ ಬೆಲೆ ಇನ್ನೂ ಎಷ್ಟೋ ಪಟ್ಟು. ಆ ಮಾತು ಇಲ್ಲಿ ಬೇಡ.

ಹಣ ಎಲ್ಲಿಂದಾದರೂ ಬರಲಿ. ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಅನುದಾನ, ಖನಿಜ ನಿಧಿ, ಶಾಸಕರ ನಿಧಿ, ಯಾವುದೋ ಕಂಪನಿಯ ಸಿಎಸ್‌ಆರ್. ಟೆಂಡರಿನಲ್ಲಿ ಸಾಮಾನ್ಯವಾಗಿ ಸಾಧನದ ಹೆಸರು, ಸಂಖ್ಯೆ, ಬೆಲೆ ಇರುತ್ತದೆ. ಅಲ್ಲಿ ಇರಬೇಕಾದ್ದು ಇನ್ನೂ ಮೂರು. ಒಂದು, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಜೊತೆಗೆ ವರ್ಷದ ಸಬ್‌ಸ್ಕ್ರಿಪ್ಷನ್ ಖರ್ಚು. ಇಂಥ ಸಾಧನಗಳಲ್ಲಿ ಹಲವಕ್ಕೆ ವರ್ಷ ವರ್ಷ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಅರ್ಧ ಅಂಕಿಗಳು ಕಾಣುವುದೇ ಇಲ್ಲ. ಎರಡು, ಅಂಕಿ ಓದಬಲ್ಲ ಒಬ್ಬ ಮನುಷ್ಯನ ಸಂಬಳ ಅಥವಾ ಗೌರವಧನ. ಕಾಲೇಜಿನ ದೈಹಿಕ ಶಿಕ್ಷಣ ವಿಭಾಗದವರು ಮತ್ತು ಭೌತಶಾಸ್ತ್ರದ ಮೇಷ್ಟ್ರು ಸೇರಿ ಮಾಡಬಹುದಾದ ಕೆಲಸ ಇದು. ಡಾಪ್ಲರ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಪ್ರಯೋಗ ಎಲ್ಲಿ ಸಿಗುತ್ತೆ?

ಮೂರನೆಯದು ಒಪ್ಪಿಗೆ ಪತ್ರ. ಈ ಸಾಧನಗಳು ಮಕ್ಕಳ ಹೆಸರು, ವಯಸ್ಸು, ಎತ್ತರ, ವಿಡಿಯೊ ಎಲ್ಲವನ್ನೂ ಯಾವುದೋ ದೇಶದ ಸರ್ವರಿಗೆ ಕಳಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಅದು ಇಂಗ್ಲಿಷಿನ ಹನ್ನೆರಡು ಪುಟದ ಷರತ್ತಿನ ಕೆಳಗೆ ಒತ್ತುವ ಬಟನ್ ಆಗಬಾರದು. ಏನನ್ನು ಅಳೆಯುತ್ತೇವೆ, ಯಾರು ನೋಡುತ್ತಾರೆ, ಹುಡುಗಿ ತಂಡ ಬಿಟ್ಟರೆ ವಿಡಿಯೊ ಅಳಿಸುತ್ತೇವಾ, ಇಷ್ಟನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ಈ ಪತ್ರವನ್ನು ಮಷೀನ್ ಬರುವ ತನಕ ಕಾಯದೆ ನೋಟ್‌ಬುಕ್ಕು, ಫೋನಿನ ಹಂತದಲ್ಲೇ ಶುರು ಮಾಡಬಹುದು.